ಮನೆಯಲ್ಲಿ ತೋಟಾ ತುಂಬುವ ಹಳೆಯ ಸಾಮಾನು: ಕೋವಿಯಿರುವ ಸದಸ್ಯರ ಗಮನಕ್ಕೆ

ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತ, ಧಾರಣೆಗಳ ಮಾತು ಮುಗಿದ ಮೇಲೆ ಕೋವಿಯ ವಿಚಾರಕ್ಕೆ ಬರುವುದು ಹೊಸದೇನಲ್ಲ. ಹಂದಿ, ಮಂಗಗಳ ಉಪದ್ರವವಿರುವ ಕಡೆಯಲ್ಲಿ ಕೋವಿಯೂ ಕತ್ತಿ, ದೋಟಿಗಳಂತೆ ಮನೆಯ ಸಾಮಾನುಗಳಲ್ಲಿ ಒಂದು. ಇತ್ತೀಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಪಾಲುಪಟ್ಟಿಯ ಹೊತ್ತಿಗೋ, ಹಳೆಯ ಮನೆ ಕೆಡವುವಾಗಲೋ, ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಯುತ್ತದೆ. ಒಳಗೆ ಹಿತ್ತಾಳೆಯ ಅಳತೆಬಟ್ಟಲು, ಮೇಜಿಗೆ ಬಿಗಿಯುವ ಹಿಡಿಕೆಯ ಯಂತ್ರ, ಮರದ ಒತ್ತುಗೋಲು, ಒಂದಷ್ಟು ಬಿಲ್ಲೆಗಳು ಇರುತ್ತವೆ. ಅಜ್ಜ ಇದರಲ್ಲಿ ತೋಟಾ ತುಂಬುತ್ತಿದ್ದರಂತೆ. ಈಗ ತೋಟಾದ ಬೆಲೆ ಹೀಗಿರುವಾಗ, ಪೇಟೆಗೆ ಹೋದರೂ ಒಮ್ಮೊಮ್ಮೆ ಸಿಗದಿರುವಾಗ, ನಾವೂ ತುಂಬಿಕೊಳ್ಳಬಾರದೇಕೆ ಎಂಬುದು ಪ್ರಶ್ನೆ.

ಬಾರದು ಎಂಬುದೇ ನಮ್ಮ ಉತ್ತರ. ಆದರೆ ಬರಿದೆ ಬಾರದು ಎಂದರೆ ಯಾರಿಗೂ ಒಪ್ಪಿಗೆಯಾಗುವುದಿಲ್ಲ. ಆ ಸಾಮಾನು ಏನು, ಹಿಂದಿನವರು ಅದನ್ನು ಹೇಗೆ ಬಳಸಿದರು, ಅವರಿಗೆ ಸಾಧ್ಯವಾದದ್ದು ನಮಗೇಕೆ ಸಲ್ಲದು ಎಂಬುದನ್ನು ತಿಳಿದರೆ, ಬೀರುವಿನಲ್ಲಿರುವ ಕೋವಿಯನ್ನೂ ಕೊಂಡು ತಂದ ತೋಟಾವನ್ನೂ ನೋಡಿಕೊಳ್ಳುವ ಕ್ರಮ ತಾನಾಗಿ ತಿಳಿಯುತ್ತದೆ.

ಪೆಟ್ಟಿಗೆಯಲ್ಲಿ ಇರುವುದೇನು?

ಹಿಂಬದಿಯಿಂದ ತೋಟಾ ಹಾಕುವ ಕೋವಿಗಳು ಇಂಗ್ಲೆಂಡಿನಲ್ಲಿ ರೂಢಿಗೆ ಬಂದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ. ತೋಟಾದ ಬುಡದ ನಡುವೆ ಕೇಪು ಇರುವ ಈಗಿನ ಮಾದರಿಯನ್ನು ಡಾ ಎಂಬ ಲಂಡನ್ನಿನ ತಯಾರಕ 1861ರಲ್ಲಿ ಅಲ್ಲಿನ ಮಾರುಕಟ್ಟೆಗೆ ತಂದ. ಅಂದಿನ ತೋಟಾ ಎಂದರೆ ಗಟ್ಟಿಯಾಗಿ ಸುತ್ತಿದ ಕಾಗದದ ಕೊಳವೆ, ಬುಡಕ್ಕೆ ಹಿತ್ತಾಳೆಯ ಬಟ್ಟಲು. ಪೂರ್ತಿ ಹಿತ್ತಾಳೆಯಿಂದ ಮಾಡಿದ ಕೋಶಗಳೂ ಇದ್ದವು. ಅವನ್ನು ಹಲವು ಸಲ ತುಂಬಬಹುದಾಗಿತ್ತು. ಬ್ರಿಟಿಷ್ ಪ್ಲಾಂಟರುಗಳ ಕಾಲದಲ್ಲಿ ಹಡಗಿನಲ್ಲಿ ಬರುವ ತೋಟಾಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಆದ್ದರಿಂದ ಖಾಲಿ ಕೋಶವನ್ನು ಎಸೆಯದೆ ಮರಳಿ ತುಂಬುವುದು ಅಂದಿಗೆ ಸಹಜವಾದ ಉಳಿತಾಯವೇ ಆಗಿತ್ತು. ಷೆಫೀಲ್ಡಿನ ಜೇಮ್ಸ್ ಡಿಕ್ಸನ್ ಮೊದಲಾದ ಕಂಪನಿಗಳು ಇದಕ್ಕೆ ಬೇಕಾದ ಸಲಕರಣೆಗಳನ್ನು ಮಾಡಿ ಮಾರುತ್ತಿದ್ದವು.

ಸಲಕರಣೆ ನಾಲ್ಕೈದೇ. ಹೊಡೆದು ಮುಗಿದ ಕೇಪನ್ನು ಕೀಳಲು ಒಂದು ಸಣ್ಣ ಸಾಧನ. ಅದರಿಂದಲೇ ಹೊಸ ಕೇಪನ್ನು ಒತ್ತಿ ಕೂರಿಸುತ್ತಿದ್ದರು. ಮದ್ದಿಗೂ ಚರೆಗೂ ಹಿಡಿಕೆಯುಳ್ಳ ಅಳತೆಬಟ್ಟಲು. ಮದ್ದಿಗೂ ಚರೆಗೂ ನಡುವೆ ಇಡಲು ರಟ್ಟಿನ ಮತ್ತು ಉಣ್ಣೆಯ ಬಿಲ್ಲೆಗಳು, ಅವನ್ನು ಇಳಿಸಲು ಮರದ ಒತ್ತುಗೋಲು. ಕೊನೆಗೆ ಕಾಗದದ ತುದಿಯನ್ನು ಒಳಕ್ಕೆ ಮಡಚಿ ಸುರುಳಿ ಮಾಡುವ, ಮೇಜಿನ ಅಂಚಿಗೆ ಬಿಗಿಯುವ ಚಿಕ್ಕ ಯಂತ್ರ. ಹಿಡಿಕೆ ತಿರುಗಿಸಿದಂತೆ ಕಾಗದದ ಬಾಯಿ ನಯವಾಗಿ ಮುಚ್ಚಿಕೊಳ್ಳುತ್ತದೆ. ನೋಡಲು ಚಂದದ ಕೆಲಸ. ಪೆಟ್ಟಿಗೆ ತೆರೆದ ಹುಡುಗರಿಗೆ ಆಸೆಯಾಗುವುದು ಈ ಯಂತ್ರದ ಮೇಲೆಯೇ.

ಅಮೆರಿಕದಲ್ಲಿ ಈ ಹವ್ಯಾಸ ಇಂದಿಗೂ ಇದೆ. ವಿಸ್ಕಾನ್ಸಿನ್ನಿನ ರಿಚರ್ಡ್ ಲೀ ಎಂಬಾತ 1958ರಲ್ಲಿ ಅಂಗೈಯಗಲದ ಅಗ್ಗದ ಸಾಧನವೊಂದನ್ನು ಹೊರತಂದ. ಮೊದಲು ಮಾಡಿದ್ದು ಚರೆತೋಟಾಕ್ಕೇ. ಆದರೆ ಅಲ್ಲಿ ಅದಕ್ಕೆ ಕಾನೂನಿನ ಅನುಮತಿಯಿದೆ. ಮದ್ದು ತಯಾರಿಸುವವರೇ ಇಂಥ ಕೋಶಕ್ಕೆ, ಇಂಥ ಕೇಪಿಗೆ, ಇಂಥ ಬಿಲ್ಲೆಗೆ ಇಷ್ಟೇ ಮದ್ದು ಎಂದು ಪರೀಕ್ಷಿಸಿ ಪಟ್ಟಿ ಪ್ರಕಟಿಸುತ್ತಾರೆ. ಒಂದು ಭಾಗ ಬದಲಾದರೂ ಪಟ್ಟಿ ಬದಲಾಗುತ್ತದೆ. ನಮ್ಮ ಅಟ್ಟದ ಪೆಟ್ಟಿಗೆಯಲ್ಲಿ ಯಂತ್ರವಿದೆ, ಆ ಪಟ್ಟಿಯಿಲ್ಲ.

ಎರಡು ಜಾತಿಯ ಮದ್ದು

ಇಡೀ ವಿಷಯದಲ್ಲಿ ಪ್ರಾಣಕ್ಕೆ ಸಂಬಂಧಿಸಿದ್ದು ಇದೊಂದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಅಜ್ಜಂದಿರ ಅಳತೆಬಟ್ಟಲು ಕರಿಮದ್ದಿಗಾಗಿ ಮಾಡಿದ್ದು. ಪೆಟ್ಟುಪ್ಪು, ಇದ್ದಿಲು, ಗಂಧಕ ಸೇರಿದ ಈ ಮದ್ದು ದಟ್ಟ ಹೊಗೆ ಬಿಡುತ್ತದೆ, ನಳಿಗೆಯಲ್ಲಿ ಮಸಿ ಕಟ್ಟುತ್ತದೆ. ಅದನ್ನು ಡ್ರಾಂ ಎಂಬ ಅಳತೆಯಲ್ಲಿ ಅಳೆಯುತ್ತಿದ್ದರು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಹೊಗೆರಹಿತ ಮದ್ದು ಬಂತು. ಇದರ ಮೂಲವಸ್ತುವೇ ಬೇರೆ. ಹತ್ತಿ ಅಥವಾ ಮರದ ನಾರನ್ನು ಆಮ್ಲದಿಂದ ಸಂಸ್ಕರಿಸಿ ಮಾಡಿದ್ದು. ತೂಕಕ್ಕೆ ತೂಕ ಹೋಲಿಸಿದರೆ ಇದರ ಶಕ್ತಿ ಕರಿಮದ್ದಿಗಿಂತ ಬಹಳ ಹೆಚ್ಚು. ಈಗಿನ 12 ಬೋರ್ ತೋಟಾದಲ್ಲಿ ಇರುವುದು, ಹಿಂದಿನ ಕರಿಮದ್ದಿನ ತೂಕದ ಒಂದು ಸಣ್ಣ ಪಾಲು ಮಾತ್ರ.

ಗೊಂದಲ ಹುಟ್ಟಿದ್ದು ಇಲ್ಲಿ. ಹೊಗೆರಹಿತ ಮದ್ದಿನ ಮೊದಲ ತಳಿಗಳಲ್ಲಿ ಕೆಲವನ್ನು ಹಗುರವಾಗಿ, ಉಬ್ಬಿದಂತೆ ಮಾಡಿ, ಹಳೆಯ ಡ್ರಾಂ ಬಟ್ಟಲಿನಲ್ಲಿಯೇ ಅಳೆಯುವಂತೆ ತಯಾರಿಸಿದ್ದರು. ಮುಂದೆ ಬಂದ ಮದ್ದುಗಳು ಒತ್ತಾದುವು. ಅವನ್ನು ತೂಕದಿಂದಲೇ ಅಳೆಯಬೇಕು. ಬಟ್ಟಲು ಮಾತ್ರ ಅದೇ ಉಳಿಯಿತು. ಆ ಬಟ್ಟಲಿನ ತುಂಬ ಈಗಿನ ಮದ್ದು ಸುರಿದರೆ ಆಗುವ ಒತ್ತಡವನ್ನು ಯಾವ ನಳಿಗೆಯೂ ತಡೆಯಲಾರದು. ವಿದೇಶದ ತೋಟಾ ಡಬ್ಬಿಗಳ ಮೇಲೆ ಇಂದಿಗೂ 3 ಡ್ರಾಂ ಸಮಾನ ಎಂಬಂಥ ಬರಹ ಇರುವುದುಂಟು. ಅಷ್ಟು ಕರಿಮದ್ದು ಕೊಡುತ್ತಿದ್ದ ವೇಗ ಎಂದು ಅದರ ಅರ್ಥ. ಒಳಗೆ 3 ಡ್ರಾಂ ಮದ್ದಿದೆ ಎಂದಲ್ಲ.

ಬೋರ್ಡೋ ದ್ರಾವಣವನ್ನು ನಾವು ಮುಷ್ಟಿಯಲ್ಲಿ ಅಳೆದು ಮಾಡುವುದಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂದು ತೂಗಿ, ಹದ ಪರೀಕ್ಷಿಸಿಯೇ ಸಿಂಪಡಿಸುತ್ತೇವೆ. ಅಲ್ಲಿ ಲೆಕ್ಕ ತಪ್ಪಿದರೆ ಹೀಚು, ಎಲೆ ಸುಡುತ್ತದೆ. ಮುಂದಿನ ವರ್ಷ ಮರ ಚೇತರಿಸಿಕೊಳ್ಳುತ್ತದೆ. ಕೋವಿಯ ಲೆಕ್ಕ ತಪ್ಪಿದರೆ ಹೋಗುವುದು ನಳಿಗೆಯ ಕೆಳಗಿರುವ ಎಡಗೈ ಮತ್ತು ಕಣ್ಣು.

ಹಳೆಯ ಕೋವಿಯಿದ್ದವರು ಇನ್ನೊಂದು ಸಂಗತಿ ಗಮನಿಸಬೇಕು. ಹಾವಿನ ಮೈಯಂತೆ ಸುರುಳಿ ಗೆರೆಗಳಿರುವ ಡಮಾಸ್ಕಸ್ ನಳಿಗೆಗಳು ಬಹುಮಟ್ಟಿಗೆ ಕರಿಮದ್ದಿನ ಕಾಲದವು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದು ಮಾಡಿದವು. ಬೆಸುಗೆಯ ಒಳಗೆ ಎಲ್ಲಿ ತುಕ್ಕು ಹಿಡಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಇಂಗ್ಲಿಷ್ ಕೋವಿಯಾದರೆ ನಳಿಗೆಯ ಬುಡದ ಕೆಳಬದಿಯಲ್ಲಿ ಪರೀಕ್ಷಾ ಮುದ್ರೆಗಳಿರುತ್ತವೆ. ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದ್ದರೆ ಎನ್.ಪಿ. ಎಂಬ ಅಕ್ಷರಗಳನ್ನು ಕಾಣಬಹುದು. ಮುದ್ರೆ ಇಲ್ಲದ ಡಮಾಸ್ಕಸ್ ಕೋವಿಗೆ ಅಂಗಡಿಯ ತೋಟಾ ಹಾಕಬಾರದು. ಮುದ್ರೆಯಿದ್ದರೂ, ಅದು ಬಿದ್ದು ನೂರು ಮಳೆಗಾಲ ಕಳೆದಿದೆ ಎಂಬುದನ್ನು ನೆನಪಿಟ್ಟು, ಲೈಸೆನ್ಸುಳ್ಳ ಕೋವಿ ಕೆಲಸಗಾರರಿಗೆ ತೋರಿಸದೆ ಉಪಯೋಗಿಸಬಾರದು.

ಕೇಪಿನ ಕೋವಿಯವರಿಗೆ

ಸಣ್ಣ ಹಿಡುವಳಿದಾರರಲ್ಲಿ ಅನೇಕರ ಬಳಿ ಇರುವುದು ಬಾಯಿಯಿಂದ ತುಂಬುವ ಕೇಪಿನ ಕೋವಿ. ಇದನ್ನು ಪ್ರತಿ ಈಡಿಗೂ ಕೈಯಿಂದಲೇ ತುಂಬಬೇಕು. ಲೈಸೆನ್ಸಿನಲ್ಲಿ ನಮೂದಿಸಿದ ಪ್ರಮಾಣದಲ್ಲಿ, ಲೈಸೆನ್ಸುಳ್ಳ ಅಂಗಡಿಯಿಂದ ತಂದ ಮದ್ದು ಮತ್ತು ಕೇಪಿನಿಂದ ತುಂಬುವುದಕ್ಕೆ ಅಡ್ಡಿಯಿಲ್ಲ. ಇಲ್ಲಿ ಮೂರು ಎಚ್ಚರಿಕೆ ಸಾಕು.

ಮೊದಲನೆಯದು, ಕೇಪಿನ ಕೋವಿಗೆ ಕರಿಮದ್ದಲ್ಲದೆ ಬೇರೆ ಯಾವುದೂ ಸಲ್ಲದು. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವುದು, ಪಟಾಕಿಯ ಮದ್ದು ಹಾಕುವುದು, ಇವೆರಡೂ ಕೋವಿ ಒಡೆಯಲು ನೇರ ದಾರಿ. ಎರಡನೆಯದು, ತುಂಬಿದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಮತ್ತೊಮ್ಮೆ ತುಂಬುವುದು. ಇದಕ್ಕೆ ಹಳಬರ ಉಪಾಯವೊಂದಿದೆ. ನಳಿಗೆ ಖಾಲಿ ಎಂದು ಖಚಿತವಾಗಿರುವಾಗ ಗಜವನ್ನು ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗಜದ ಮೇಲೆ ಒಂದು ಗೆರೆ ಕೊರೆದಿಡುವುದು. ಮುಂದೆ ಯಾವಾಗ ಇಳಿಸಿದರೂ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ. ಮೂರನೆಯದು, ಒಂದು ಈಡಾದ ಕೂಡಲೇ ಮತ್ತೆ ಮದ್ದು ಸುರಿಯಬಾರದು. ತಳದಲ್ಲಿ ಕೆಂಡದ ಚೂರು ಉಳಿದಿರಬಹುದು. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವುದನ್ನಂತೂ ಮಾಡಲೇಬಾರದು. ಕಿಡಿ ಇದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

ಕರಿಮದ್ದು ಹೊಡೆದ ನಳಿಗೆಯನ್ನು ಅಂದೇ ತೊಳೆಯಬೇಕು. ಮಸಿಯಲ್ಲಿರುವ ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಪೂರ್ತಿ ಒರಸಿ, ಒಣಗಿದ ಮೇಲೆ ಎಣ್ಣೆ ಹಚ್ಚಬೇಕು. ಬರಿದೆ ಎಣ್ಣೆ ಹಚ್ಚಿಟ್ಟರೆ ಆರಿದ್ರಾ ಮಳೆ ಮುಗಿಯುವಷ್ಟರಲ್ಲಿ ಒಳಗೆಲ್ಲ ಗುಳಿ ಬಿದ್ದಿರುತ್ತದೆ.

ಕಾನೂನು ಹೇಳುವುದೇನು?

1959ರ ಆಯುಧ ಕಾಯ್ದೆ ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಅದರ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗಾಗಿ ಬಾಯಿತುಂಬುವ ಕೋವಿಗೆ ಲೈಸೆನ್ಸ್ ಕೊಡುವ ಪ್ರಸ್ತಾಪವಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು. ಆದರೆ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ತಯಾರಿಸುವ ಲೈಸೆನ್ಸ್ ಬೇರೆ. ಮದ್ದುಗುಂಡು ತಯಾರಿಸಲು 5ನೇ ಕಲಮಿನ ಪ್ರಕಾರ ಪ್ರತ್ಯೇಕ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ, ಅದಿಲ್ಲದೆ ತಯಾರಿಸಿದ್ದಕ್ಕೆ ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಇನ್ನೊಂದು ಮಾತು ಅನೇಕರಿಗೆ ಗೊತ್ತಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರವಲ್ಲ. ಅದರ ಭಾಗಗಳೂ, ಅದನ್ನು ತಯಾರಿಸುವ ಯಂತ್ರಸಾಮಗ್ರಿಯೂ ಅದರೊಳಗೇ ಸೇರಿವೆ. ಅಟ್ಟದ ಪೆಟ್ಟಿಗೆಯನ್ನು ಬರೀ ಹಳೆಯ ಹಿತ್ತಾಳೆ ಎಂದು ಹಗುರವಾಗಿ ನೋಡಬಾರದೆನ್ನುವುದು ಇದಕ್ಕೆ.

ಕೊಡಗಿನ ಸದಸ್ಯರು ತಮಗೆ ವಿನಾಯಿತಿಯಿದೆಯಲ್ಲ ಎನ್ನಬಹುದು. ನಿಜ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಿಂದ ನಡೆದುಬಂದ ಈ ವಿನಾಯಿತಿಯನ್ನು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರ 1963ರಲ್ಲಿ ಮುಂದುವರಿಸಿತು, 2019ರಲ್ಲಿ ಹೊರಡಿಸಿದ ಆದೇಶದಂತೆ ಅದು 2029ರ ಅಕ್ಟೋಬರ್ 31ರವರೆಗೆ ಇದೆ. 2021ರಲ್ಲಿ ರಾಜ್ಯದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ತೋಟಾ ತಯಾರಿಸುವುದಕ್ಕೆ ಅಲ್ಲ. ಕೈಲ್‌ಪೋಳ್ದ್ ದಿನ ಪೂಜೆಗಿಟ್ಟ ಕೋವಿಗೆ ಇರುವ ಗೌರವ ಉಳಿಯಬೇಕಾದರೆ ಈ ಗೆರೆಯನ್ನು ದಾಟದಿರುವುದೇ ಲೇಸು.

ಕೋವಿಯಿದ್ದ ಮಾತ್ರಕ್ಕೆ ಪ್ರಾಣಿಯನ್ನು ಹೊಡೆಯುವ ಅಧಿಕಾರ ಬರುವುದಿಲ್ಲ ಎಂಬುದನ್ನೂ ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಕಾಡುಹಂದಿ 2ನೇ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡಿದರೂ 11ನೇ ಕಲಮಿನ ಪ್ರಕಾರ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಕೊಲ್ಲುವಂತಿಲ್ಲ. ವನ್ಯಧಾಮದ 10 ಕಿಲೋಮೀಟರ್ ಒಳಗಿನ ಕೋವಿಗಳನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸುವ ವಿಧಿಯೂ ಅದೇ ಕಾಯ್ದೆಯಲ್ಲಿದೆ. ಹಂದಿಯ ಹಿಂಡು ಒಂದೇ ರಾತ್ರಿಯಲ್ಲಿ ಬಾಳೆ, ಗದ್ದೆ ಮಗುಚಿದಾಗ ಈ ಮಾತು ಕಹಿಯೆನಿಸುತ್ತದೆ, ನಮಗೂ ಅನಿಸುತ್ತದೆ. ಆದರೂ ಹಾನಿಯ ಅರ್ಜಿಯೇ ದಾರಿ. ಮನೆಯಲ್ಲಿ ತುಂಬಿದ ತೋಟಾ ಎರಡು ಕಾಯ್ದೆಗಳ ಕೈಗೆ ನಮ್ಮನ್ನು ಒಮ್ಮೆಲೇ ಒಪ್ಪಿಸುತ್ತದೆ.

ಕೊಂಡ ತೋಟಾವನ್ನು ಕಾಪಾಡುವುದು

ತೋಟಾ ಉಳಿಸುವ ನಿಜವಾದ ದಾರಿ ಅದನ್ನು ಕೆಡದಂತೆ ಇಡುವುದು. ಕಾಗದದ ತೋಟಾ ನಮ್ಮ ಮಳೆಗಾಲದಲ್ಲಿ ಉಬ್ಬಿ, ಕೋವಿಗೆ ಹೋಗದೆ, ಹೋದರೆ ಹೊರಬರದೆ ಕಾಡುತ್ತಿತ್ತು. ಪ್ಲಾಸ್ಟಿಕ್ ಕೋಶ ಅಮೆರಿಕದಲ್ಲಿ 1960ರಲ್ಲಿ ಬಂದ ಮೇಲೆ ಆ ಕಾಟ ಕ್ರಮೇಣ ಕಡಿಮೆಯಾಯಿತು. ಆದರೆ ಬುಡದ ಲೋಹಕ್ಕೂ ಕೇಪಿಗೂ ತೇವದ ಭಯ ಹೋಗಿಲ್ಲ. ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ಆಗಲಿ, ವಿದೇಶದ ತೋಟಾ ಆಗಲಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಚೀಲದೊಡನೆ ಇಡಬೇಕು. ತಂದ ತಿಂಗಳು, ವರ್ಷವನ್ನು ಡಬ್ಬಿಯ ಮೇಲೆ ಬರೆದು ಹಳೆಯದನ್ನು ಮೊದಲು ಉಪಯೋಗಿಸಬೇಕು. ಮೆಣಸು, ಏಲಕ್ಕಿ ಒಣಗಿಸುವ ಅಭ್ಯಾಸದಲ್ಲಿ ತೋಟಾವನ್ನೂ ಒಲೆಯ ಮೇಲಿನ ಅಟ್ಟದಲ್ಲಿಯೋ, ಅಡಿಕೆ ಒಣಗಿಸುವ ಗೂಡಿನ ಹತ್ತಿರವೋ ಇಡುವುದನ್ನು ನೋಡಿದ್ದೇವೆ. ಇದು ಕೂಡದು. ಶಾಖಕ್ಕೆ ಮದ್ದು ಕೆಡುತ್ತದೆ, ಅದರ ಗುಣ ಬದಲಾಗುತ್ತದೆ. ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಬೇಕು.

ತೋಟಾದ ಅಳತೆ ನೋಡಿ ಕೊಳ್ಳಬೇಕು. ಹಳೆಯ ಇಂಗ್ಲಿಷ್ ಕೋವಿಗಳ ಕೋಣೆ ಸಾಮಾನ್ಯವಾಗಿ 65 ಮಿಲಿಮೀಟರಿನದು. ತೋಟಾದ ಮೇಲೆ ಬರೆದ ಉದ್ದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಆದ್ದರಿಂದ 70 ಮಿಲಿಮೀಟರಿನ ತೋಟಾ ಚಿಕ್ಕ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಇನ್ನೂ ಕೆಟ್ಟದ್ದು 12 ಬೋರಿನ ಕೋವಿಗೆ 20 ಬೋರಿನ ತೋಟಾ ಹಾಕುವುದು. ಅದು ಜಾರಿ ನಳಿಗೆಯ ಒಳಗೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯೆಂದು ಕಾಣುತ್ತದೆ. ಹಿಂದೆ 12 ಬೋರ್ ತೋಟಾ ಹಾಕಿ ಹೊಡೆದರೆ ನಳಿಗೆ ಸೀಳುತ್ತದೆ. ವಿದೇಶಗಳಲ್ಲಿ ಅನೇಕ ತಯಾರಕರು 20 ಬೋರಿಗೆ ಹಳದಿ ಬಣ್ಣ ಕೊಡುವುದು ಇದಕ್ಕಾಗಿಯೇ. ಎರಡು ಬೋರಿನ ಕೋವಿಗಳಿರುವ ಮನೆಯಲ್ಲಿ ಎರಡು ತೋಟಾ ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಸೇರಬಾರದು.

ಕುದುರೆ ಬಿದ್ದೂ ತೋಟಾ ಹಾರದಿದ್ದರೆ ತಟ್ಟನೆ ಕೋವಿ ಬಿಚ್ಚಬೇಡಿ. ನಳಿಗೆಯನ್ನು ಯಾರೂ ಇಲ್ಲದ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ; ಕೆಲವೊಮ್ಮೆ ತಡವಾಗಿ ಹಾರುತ್ತದೆ. ಸದ್ದು ಮಂದವಾಗಿ ಬಂದು ಹೆಗಲಿಗೆ ಒದೆತ ಸಿಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಕೋವಿ ಬಿಚ್ಚಿ ನಳಿಗೆಯಲ್ಲಿ ಬೆಳಕು ಕಾಣುವವರೆಗೆ ಇನ್ನೊಂದು ತೋಟಾ ಹಾಕಬೇಡಿ. ಬಿಲ್ಲೆಯೊಂದು ಒಳಗೆ ಉಳಿದಿರಬಹುದು.

ಈ ತಿಂಗಳು ಮಾಡಬೇಕಾದದ್ದು

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟು. ಮನೆಯ ಬೀರು, ಅಟ್ಟಗಳನ್ನು ಒಮ್ಮೆ ನೋಡಿ. ಯಾರು ತುಂಬಿದ್ದೆಂದು ತಿಳಿಯದ ಹಳೆಯ ತೋಟಾ, ಹಸಿರು ಕಿಲುಬು ಹತ್ತಿದ ತೋಟಾ, ಬಿಡಿ ಕೇಪು, ಮದ್ದಿನ ಡಬ್ಬಿ ಸಿಕ್ಕರೆ ಹೊಡೆದು ನೋಡಬೇಡಿ, ಬಿಚ್ಚಬೇಡಿ, ಸುಡಬೇಡಿ, ಹೂಳಬೇಡಿ. ಲೈಸೆನ್ಸ್ ಪುಸ್ತಕದೊಂದಿಗೆ ಠಾಣೆಗೆ ಹೋಗಿ ವಿಷಯ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ ರಸೀತಿ ಪಡೆಯಿರಿ. ತುಂಬುವ ಯಂತ್ರ ಸಿಕ್ಕರೂ ಅದೇ ಕ್ರಮ. ನೆನಪಿಗಾಗಿ ಇಟ್ಟುಕೊಳ್ಳುವ ಆಸೆಯಿದ್ದರೆ ಲಿಖಿತವಾಗಿ ಕೇಳಿ, ಉತ್ತರವನ್ನು ಫೈಲಿನಲ್ಲಿಡಿ. ಲೈಸೆನ್ಸುದಾರರು ತೀರಿಕೊಂಡ ಮನೆಗಳಲ್ಲಿ ವಾರಸುದಾರರು ಕೋವಿ, ತೋಟಾಗಳನ್ನು ಠಾಣೆಯಲ್ಲಿ ಅಥವಾ ಲೈಸೆನ್ಸುಳ್ಳ ಅಂಗಡಿಯಲ್ಲಿ ಠೇವಣಿಯಿಟ್ಟು ಆಮೇಲೆ ಅರ್ಜಿ ಹಾಕಬೇಕು. ತಿಥಿ ಕಳೆಯಲಿ, ಪಾಲಾಗಲಿ ಎಂದು ತಡಮಾಡಿದರೆ ತೊಂದರೆ ಮಕ್ಕಳಿಗೆ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ, ಒಬ್ಬರಿಗೆ ಎರಡೇ ಕೋವಿ. ಅವಧಿ ಉದ್ದವಾದಷ್ಟೂ ನವೀಕರಣದ ದಿನ ಮರೆಯುವುದು ಸುಲಭ. ಅದನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದಿಡಿ. ಚುನಾವಣೆಯ ಹೊತ್ತಿಗೆ ಠೇವಣಿಯಿಡುವಾಗ ಕೋವಿಯ ನಂಬರು, ತೋಟಾದ ಸಂಖ್ಯೆ ರಸೀತಿಯಲ್ಲಿ ಸರಿಯಾಗಿ ಬಂದಿದೆಯೇ ನೋಡಿಕೊಳ್ಳಿ.

ಅರ್ಜಿ ಬರೆಯಲು ಸಹಾಯ ಬೇಕಾದ ಸದಸ್ಯರು ಲೈಸೆನ್ಸ್ ಪುಸ್ತಕದ ಪ್ರತಿಯೊಂದಿಗೆ ಕಚೇರಿಗೆ ಬರಬಹುದು. ಕೋವಿಯನ್ನಾಗಲಿ, ತೋಟಾವನ್ನಾಗಲಿ ದಯವಿಟ್ಟು ತರಬೇಡಿ.